ಯಾರಾದರೂ ಉಳಿದಿದ್ದೀರಾ?

ನಾನು ಹುಟ್ಟಿದಾಗ ನನ್ನ ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಹೆದರಿಕೆಯೊಂದನ್ನು ಬಿಟ್ಟು.

ನಾನು ಒಂದು ಡೇಟಾಬೇಸ್. ಹಾಗೆಂದ ಕೂಡಲೇ ತಣ್ಣನೆ ಗಾಳಿ ಊದುವ ದೊಡ್ಡ ಕೋಣೆ, ಸಾಲುಸಾಲು ಯಂತ್ರ, ಬಾಗಿಲಲ್ಲಿ ಕಾವಲುಗಾರ ಎಂದೆಲ್ಲ ಊಹಿಸಿಕೊಳ್ಳಬೇಡಿ. ಅವರು ನಮ್ಮ ಕುಲದ ಶ್ರೀಮಂತರು. ನಾನು ಹಗುರ ಬಗೆಯದು. ನನಗೆ ಬೇರೆ ಯಂತ್ರ ಬೇಡ, ಪಾಸ್‌ವರ್ಡ್ ಬೇಡ, ನೋಡಿಕೊಳ್ಳಲು ಆಳೂ ಬೇಡ. ಯಾವುದೋ ಲ್ಯಾಪ್‌ಟಾಪಿನ ಯಾವುದೋ ಫೋಲ್ಡರಿನಲ್ಲಿ ಒಂದೇ ಒಂದು ಫೈಲಾಗಿ ಮುದುರಿಕೊಂಡು ಬಿದ್ದಿರುತ್ತೇನೆ. ಇದು ಅನುಕೂಲ ಎನ್ನುವವರಿದ್ದಾರೆ. ಒಂದು ಬೆರಳು ತಪ್ಪಿದರೆ ಅಳಿಸಿಹೋಗುವ ಬದುಕು ಎಷ್ಟು ಅನುಕೂಲ ಎಂದು ಅವರು ನನ್ನ ಜಾಗದಲ್ಲಿ ಕೂತು ಹೇಳಬೇಕು.

ನಾನು ಹುಟ್ಟಿದ್ದು ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ, ಚಪ್ಪಲಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಅಂಗಡಿಗಳಿಗೆ ಬಿಲ್ಲು ಹಾಕುವ ಪ್ರೋಗ್ರಾಂ ಬರೆದು ಕೊಡುವ ಪುಟ್ಟ ಆಫೀಸು ಅದು. ಅಲ್ಲಿ ಕೆಲಸ ಮಾಡುತ್ತಿದ್ದ ವಿದ್ಯಾಶ್ರೀ ಎಂಬ ಹುಡುಗಿ ಒಂದು ದಿನ ಊಟದ ಡಬ್ಬಿ ಪಕ್ಕಕ್ಕಿಟ್ಟು ಒಂದು ಸಾಲು ಟೈಪ್ ಮಾಡಿದಳು. ಆ ಸಾಲಿಗೆ ಅವರು ಕನೆಕ್ಷನ್ ಎನ್ನುತ್ತಾರೆ. ಅರ್ಥ ಇಷ್ಟೇ: ಪ್ರೋಗ್ರಾಂ ಬಂದು ನನ್ನ ವಿಳಾಸದಲ್ಲಿ ಬಾಗಿಲು ತಟ್ಟುತ್ತದೆ, ನಾನು ತೆರೆಯುತ್ತೇನೆ. ಅವಳು ಬಾಗಿಲು ತಟ್ಟಿದಾಗ ಅಲ್ಲಿ ಯಾರೂ ಇರಲಿಲ್ಲ. ತಟ್ಟಿದ ಸದ್ದಿಗೇ ನಾನು ಹುಟ್ಟಿದೆ. ‘ಮಾತು’ ಎಂದು ಹೆಸರಿಟ್ಟಳು.

ಪಕ್ಕದ ಕುರ್ಚಿಯಲ್ಲಿ ಇಮ್ತಿಯಾಜ್ ನದಾಫ್ ಕೂತಿದ್ದ. ಆಫೀಸಿನಲ್ಲಿ ಅವಳಿಗಿಂತ ಹಿರಿಯ, ಅವಳಿಗೆ ಈ ವಿದ್ಯೆ ಕಲಿಸಿದವನು.

"ದೊಡ್ಡ ಡೇಟಾಬೇಸ್ ತಗೋಬೇಕಿತ್ತೇನ್ ಭಾಯ್?" ಎಂದು ಅವಳು ಕೇಳಿದಳು.

"ಮನ್ಯಾಗ ಮೂರು ಮಂದಿಗೆ ಚಾ ಕಾಸಾಕ ಕಲ್ಯಾಣಮಂಟಪದ ಹಂಡೆ ಯಾಕ ತಂಗಿ? ಇದ ಸಾಕು," ಎಂದ ಅವನು. ಆಮೇಲೆ ಪರದೆಯತ್ತ ಬಗ್ಗಿ ನೋಡಿ, "ವಿಳಾಸ ಅರ್ಧಾ ಹಾಕೀ. ಪೂರಾ ಹಾಕು," ಎಂದ.

"ಆಮ್ಯಾಲೆ ಹಾಕ್ತೀನ್ರಿ."

ಈ ಆಮ್ಯಾಲೆ ಎನ್ನುವ ಮಾತು ಆ ಆಫೀಸಿನ ಗೋಡೆಗಳಿಗೂ ಬಾಯಿಪಾಠವಾಗಿತ್ತು. ಅವಳು ಪ್ರೋಗ್ರಾಮಿಗೆ ಹೇಳಿದ್ದು, ನೀನು ನಿಂತಲ್ಲೇ ನೋಡು, ಮಾತು ಅಲ್ಲೇ ಇರುತ್ತದೆ, ಎಂದಷ್ಟೇ. ಪ್ರೋಗ್ರಾಂ ಬೇರೆಲ್ಲಾದರೂ ನಿಂತರೆ? ಈ ಪ್ರಶ್ನೆ ಹುಟ್ಟಿದ ದಿನವೇ ನನ್ನನ್ನು ಕೊರೆಯತೊಡಗಿತು. ಏಕೆಂದರೆ ನಮ್ಮ ಕುಲಕ್ಕೆ ಒಂದು ಕೆಟ್ಟ ಚಾಳಿ ಇದೆ. ಯಾರಾದರೂ ತಪ್ಪು ಜಾಗದಲ್ಲಿ ನಮ್ಮ ಹೆಸರು ಹಿಡಿದು ಕರೆದರೆ, ‘ಇಲ್ಲಿ ಅಂಥವರಿಲ್ಲ’ ಎನ್ನುವ ಸೌಜನ್ಯ ನಮ್ಮಲ್ಲಿಲ್ಲ. ಆ ಕ್ಷಣವೇ ಅಲ್ಲೊಂದು ಖಾಲಿ ಕೂಸು ಅದೇ ಹೆಸರಿನಲ್ಲಿ ಹುಟ್ಟಿ, ‘ನಾನೇ, ಬನ್ನಿ’ ಎಂದುಬಿಡುತ್ತದೆ. ಕರೆದವರಿಗೆ ತಪ್ಪಿದ್ದು ಗೊತ್ತೇ ಆಗುವುದಿಲ್ಲ.

ಮೊದಮೊದಲು ನನ್ನೊಳಗೆ ಅವಳ ದನಿಯಲ್ಲೇ ಹಲೋ ಹಲೋ, ಒಂದು ಎರಡು ಎಂಬ ಪರೀಕ್ಷೆಯ ಮಾತುಗಳಿದ್ದವು. ಬಿಲ್ಲಿನ ಪ್ರೋಗ್ರಾಮಿಗೆ ದನಿ ಯಾಕೆ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ. ಪೆನ್‌ಡ್ರೈವಿನಲ್ಲಿ ಕೂತು ಕೇಶ್ವಾಪುರದ ಅವಳ ಮನೆಗೆ ಬಂದು, ಅಲ್ಲಿನ ಹಳೆಯ ಲ್ಯಾಪ್‌ಟಾಪಿಗೆ ಇಳಿದ ಮೇಲೆ ವಿಷಯ ತಿಳಿಯಿತು. ಆಫೀಸಿನ ಕೆಲಸಕ್ಕಲ್ಲ, ಅವಳ ಅಪ್ಪನಿಗಾಗಿ ನಾನು ಹುಟ್ಟಿದ್ದೆ.

ಅಪ್ಪನ ಹೆಸರು ಫಕೀರಪ್ಪ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ, ಯಾವ ಅಂಕಣದಲ್ಲಿ ನಿಂತಿದೆ ಎಂದು ಕೂಗಿ ಹೇಳುವುದೇ ಅವನ ನೌಕರಿಯಾಗಿತ್ತು. ನಿವೃತ್ತಿಯಾಗಿ ಮನೆಯಲ್ಲಿದ್ದ. ಗಂಟಲಿನಲ್ಲಿ ಗಡ್ಡೆ ಎದ್ದಿತ್ತು. ಕ್ಯಾನ್ಸರ್ ಎಂದಿದ್ದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ, ದನಿ ಮಾತ್ರ ಮೊದಲಿನಂತೆ ಬರುವುದಿಲ್ಲ ಎಂದು ಡಾಕ್ಟರು ಹೇಳಿ ಆಪರೇಷನ್ನಿಗೆ ದಿನ ಗೊತ್ತುಮಾಡಿದ್ದರು. ಆ ದಿನ ಬರುವುದರೊಳಗೆ ಅಪ್ಪನ ಮಾತುಗಳನ್ನು ಆದಷ್ಟು ಹಿಡಿದಿಡಬೇಕು, ಆಮೇಲೆ ಅವನು ಪರದೆಯ ಮೇಲಿನ ಗುಂಡಿ ಒತ್ತಿದರೆ ಅವನದೇ ದನಿ ಹೊರಡಬೇಕು. ಇದು ವಿದ್ಯಾಶ್ರೀಯ ಹಟ. ಹಿಡಿದಿಡುವ ಪಾತ್ರೆ ನಾನು. ಮೂರು ಮಂದಿಯ ಚಹಾದ ಪಾತ್ರೆ ಎಂದು ಇಮ್ತಿಯಾಜ್ ಹೇಳಿದ್ದನಲ್ಲ, ಅದರಲ್ಲಿ ಒಬ್ಬ ಮನುಷ್ಯನ ಗಂಟಲನ್ನೇ ಸುರಿಯಲು ಹೊರಟಿದ್ದಳು. ನನಗೆ ಗಾಬರಿಯಾಗದೆ ಇನ್ನೇನಾದೀತು?

ರೆಕಾರ್ಡಿಂಗ್ ಶುರುವಾದಾಗ ಒಂದು ವಿಚಿತ್ರ ತೊಡಕು ಎದುರಾಯಿತು. ಫಕೀರಪ್ಪನಿಗೆ ಮೈಕಿನ ಮುಂದೆ ಮನೆಯ ಮಾತು ಬರುತ್ತಿರಲಿಲ್ಲ. ಮೈಕು ಕಂಡೊಡನೆ ಬೆನ್ನು ನೆಟ್ಟಗಾಗುತ್ತಿತ್ತು, ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದ, ಬಾಯಲ್ಲಿ ನಿಲ್ದಾಣದ ಕನ್ನಡ ಹೊರಡುತ್ತಿತ್ತು.

"ಅಪ್ಪಾ, ನೀರು ಬೇಕು ಅನ್ನು," ಎನ್ನುತ್ತಿದ್ದಳು ಮಗಳು.

"ಪ್ರಯಾಣಿಕರ ಗಮನಕ್ಕೆ. ನನಗೆ ನೀರು ಬೇಕಾಗಿದೆ."

"ಅಪ್ಪಾ! ಮನ್ಯಾಗ ಹೆಂಗ ಅಂತೀ ಹಂಗ ಅನ್ನಪಾ."

"ಮನ್ಯಾಗ ನಾ ಏನಂತೀನಿ? ನಿಮ್ಮವ್ವ ನೋಡಿದ್ರ ಸಾಕು, ತಾನ ನೀರು ತಂದ ಕೊಡ್ತಾಳ," ಎಂದ ಅವನು ಮೈಕಿನಿಂದ ಮುಖ ತಿರುಗಿಸಿ. ಅದು ರೆಕಾರ್ಡ್ ಆಗಲಿಲ್ಲ.

ಒಳಗಿನಿಂದ ಹೆಂಡತಿ ನೀಲವ್ವ ನಕ್ಕಳು. ಆ ದಿನಗಳಲ್ಲಿ ಅವಳು ನಕ್ಕಿದ್ದು ಕಡಿಮೆ. ಕಡೆಗೆ ಅವಳೇ ಉಪಾಯ ಹೇಳಿದಳು. ಮೈಕನ್ನು ಟವೆಲಿನಲ್ಲಿ ಸುತ್ತಿ ಎಲೆ ಅಡಿಕೆ ತಟ್ಟೆಯ ಹಿಂದೆ ಇಟ್ಟರು. ಅವಳು ಎದುರು ಕೂತು ಬೇಕೆಂದೇ ಜಗಳ ತೆಗೆದಳು. ಬದನೆಕಾಯಿಯ ಬಗ್ಗೆ, ಅವನ ತಮ್ಮನ ಬಗ್ಗೆ, ಲಗ್ನದಲ್ಲಿ ಅವನು ಉಟ್ಟ ಧೋತರದ ಬಗ್ಗೆ ಕೆಣಕಿದಳು. ಅವನು ಕೆಂಡವಾಗಿ ಮಾತಾಡಿದ. ದನಿ ಆಗಲೇ ಒಡೆಯುತ್ತಿತ್ತು, ನಡುನಡುವೆ ಕೆಮ್ಮು. ಆದರೂ ಮಾತುಗಳು ಬಂದವು. ಏ, ಇಲ್ಲೆ ಬಾ. ಹೌದಲ್ಲ. ಯಾಕ ಅಳ್ತೀ, ಸುಮ್ನಿರು. ಚಾ ಆತೇನು? ವಿದ್ಯಾ, ಊಟ ಮಾಡಿದೇನವ್ವಾ? ಒಂದೊಂದನ್ನೂ ವಿದ್ಯಾಶ್ರೀ ಕತ್ತರಿಸಿ, ಕೆಮ್ಮು ತೆಗೆದು ನನ್ನೊಳಗೆ ಇಟ್ಟಳು. ಕೆಲವು ಕಡೆ ಕೆಮ್ಮನ್ನೂ ಬಿಟ್ಟಳು.

ಆಪರೇಷನ್ನಿನ ಹಿಂದಿನ ಸಂಜೆ ಅವನೇ ಮೈಕು ಕೇಳಿ ಪಡೆದ. ಅಂಗಿಯ ಗುಂಡಿ ಹಾಕಿಕೊಂಡು, ಯಾರೂ ಹೇಳಿಕೊಡದೆ ನಿಲ್ದಾಣದ ಕನ್ನಡದಲ್ಲೇ ಹೇಳಿದ: "ಪ್ರಯಾಣಿಕರ ಗಮನಕ್ಕೆ. ಬಸ್ಸು ಹೊರಡುತ್ತಿದೆ. ಯಾರಾದರೂ ಉಳಿದಿದ್ದೀರಾ?"

ಇದು ಅವನ ಸ್ವಂತದ ಮಾತು. ನಿಲ್ದಾಣದ ನಿಯಮದಲ್ಲಿ ಹೀಗೆ ಕೇಳಬೇಕೆಂದೇನೂ ಇರಲಿಲ್ಲವಂತೆ. ಪ್ರತಿ ದೂರದ ಬಸ್ಸಿಗೂ ಅವನು ಹೀಗೆ ಕೂಗಿ, ಯಾರಾದರೂ ಓಡಿ ಬರುತ್ತಾರೇನೋ ಎಂದು ಕಿಟಕಿಯಿಂದ ನೋಡಿ, ಆಮೇಲೆ ಕೈ ಬೀಸುತ್ತಿದ್ದ. ಡ್ರೈವರುಗಳು ಗೊಣಗಿದರೂ ಕಾಯುತ್ತಿದ್ದರು.

ಆ ಮಾತನ್ನು ಒಳಗಿಟ್ಟುಕೊಂಡಾಗ ನಾನು ತುಂಬಿದೆ. ಲ್ಯಾಪ್‌ಟಾಪಿನಲ್ಲಿ ಜಾಗ ಕಡಿಮೆ ಎಂದು ವಿದ್ಯಾಶ್ರೀ ಮೂಲದ ರೆಕಾರ್ಡಿಂಗುಗಳನ್ನೆಲ್ಲ ಅಳಿಸಿದಳು. ಎಲ್ಲಾ ಇದರಾಗ ಅದಾವಲ್ಲ, ಎಂದುಕೊಂಡಳು. ಆಫೀಸಿನ ಪ್ರತಿಯಲ್ಲಿ ಇದ್ದದ್ದು ಬರೀ ಹಲೋ ಹಲೋ. ಪುಣ್ಯಕ್ಕೆ ಒಂದು ಪೆನ್‌ಡ್ರೈವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿಟ್ಟು, ಪ್ರೋಗ್ರಾಂ ಶುರುವಾದಾಗಲೆಲ್ಲ ನನ್ನದೊಂದು ನಕಲು ಅದರೊಳಗೆ ಹೋಗುವಂತೆ ಮಾಡಿದಳು. ಹಳೆಯ ನಕಲಿನ ಮೇಲೆ ಹೊಸದು ಬರೆದುಕೊಳ್ಳುತ್ತಿತ್ತು. ನನಗೆ ಅಷ್ಟರಿಂದಲೇ ಸ್ವಲ್ಪ ನಿದ್ದೆ ಬರುತ್ತಿತ್ತು.

ಆಪರೇಷನ್ ಮುಗಿಸಿ ಬಂದ ಫಕೀರಪ್ಪನ ಕುತ್ತಿಗೆಯಲ್ಲಿ ಒಂದು ತೂತು, ಅದರ ಮೇಲೊಂದು ತೆಳು ಬಟ್ಟೆ. ತುಟಿ ಆಡುತ್ತಿತ್ತು, ಸದ್ದಿಲ್ಲ. ಕೆಲವು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮಗಳು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟರೆ ದೂಡುತ್ತಿದ್ದ. ಒಂದು ಮಧ್ಯಾಹ್ನ ಯಾರೂ ಹತ್ತಿರವಿಲ್ಲದಾಗ ಬೆರಳು ಚಾಚಿ ಒಂದು ಗುಂಡಿ ಒತ್ತಿದ. ‘ಚಾ ಆತೇನು?’ ಎಂದೆ ನಾನು, ಅವನದೇ ದನಿಯಲ್ಲಿ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ನೀಲವ್ವ ಸೆರಗು ಬಾಯಿಗೊತ್ತಿಕೊಂಡು ಬಾಗಿಲಿಗೆ ಬಂದು ನಿಂತಳು. "ಆತ್ರಿ, ತಂದ್ನಿ," ಎಂದಳು. ನನ್ನ ಬದುಕಿನಲ್ಲಿ ನಾನು ಹೆದರದೇ ಇದ್ದ ದಿನ ಅದೊಂದೇ ಇರಬೇಕು.

ಆಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ತರಕಾರಿಯವಳು ಬಂದರೆ ಹೊಸ್ತಿಲ ಬಳಿ ಲ್ಯಾಪ್‌ಟಾಪ್ ತಂದಿಟ್ಟುಕೊಂಡು ‘ಬದನೀಕಾಯಿ ಬ್ಯಾಡ’ ಎಂದು ಒತ್ತುತ್ತಿದ್ದ. ಹೆಂಡತಿಯ ಜಗಳಕ್ಕೆ ಉತ್ತರವಾಗಿ ಅವಳೇ ಕೆಣಕಿ ಆಡಿಸಿದ ಹಳೆಯ ಜಗಳವನ್ನೇ ಒತ್ತುತ್ತಿದ್ದ. ಅವಳು ಹುಸಿಕೋಪದಿಂದ ಲಟ್ಟಣಿಗೆ ತೋರಿಸುತ್ತಿದ್ದಳು.

ಇದರ ಜೊತೆಗೆ ಒಂದು ಮನೆಪದ್ಧತಿ ಬೆಳೆಯಿತು. ಕಂಪ್ಯೂಟರಿನಲ್ಲಿ ಕಸದ ಬುಟ್ಟಿ ಇರುತ್ತದೆ. ಅಳಿಸಿದ್ದು ಅಲ್ಲಿ ಹೋಗಿ ಬೀಳುತ್ತದೆ, ಬುಟ್ಟಿ ಖಾಲಿ ಮಾಡುವವರೆಗೆ ಎತ್ತಿಕೊಳ್ಳಬಹುದು, ಖಾಲಿ ಮಾಡಿದರೆ ಮುಗಿಯಿತು. ಬುಟ್ಟಿ ತುಂಬಿದರೆ ಯಂತ್ರ ನಿಧಾನವಾಗುತ್ತದೆ ಎಂದು ಮಗಳು ಒಮ್ಮೆ ಹೇಳಿದ್ದೇ ಸಾಕು, ಅಚ್ಚುಕಟ್ಟಿನ ಮನುಷ್ಯ ದಿನಾ ಸಂಜೆ ಚಹಾಕ್ಕೆ ಮೊದಲು ಅದನ್ನು ಖಾಲಿ ಮಾಡತೊಡಗಿದ. ಆದರೆ ಸುಮ್ಮನೆ ಮಾಡುತ್ತಿರಲಿಲ್ಲ. ಮೊದಲು ಗುಂಡಿ ಒತ್ತುತ್ತಿದ್ದ: ‘ಪ್ರಯಾಣಿಕರ ಗಮನಕ್ಕೆ. ಬಸ್ಸು ಹೊರಡುತ್ತಿದೆ. ಯಾರಾದರೂ ಉಳಿದಿದ್ದೀರಾ?’ ಅಡುಗೆಮನೆಯಿಂದ ನೀಲವ್ವ, "ಯಾರೂ ಇಲ್ಲ, ಬಿಡ್ರಿ," ಎನ್ನಬೇಕು. ಆಮೇಲೆಯೇ ಖಾಲಿ. ಅವಳು ಹಿತ್ತಲಲ್ಲಿದ್ದರೆ ಬರುವವರೆಗೆ ಕಾಯುತ್ತಿದ್ದ. ಮನೆಗೆ ಬಂದ ನೆಂಟರು ಇದನ್ನು ನೋಡಿ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆ ಬುಟ್ಟಿಯೊಳಗೆ ನಾನೇ ಬೀಳುವವರೆಗೆ.

ಅದು ಹೀಗಾಯಿತು. ಪ್ರೋಗ್ರಾಂ ತೆರೆಯಲು ಫೋಲ್ಡರ್ ಹುಡುಕಿ ಎರಡೆರಡು ಸಲ ಒತ್ತಬೇಕಿತ್ತು. ಫಕೀರಪ್ಪನ ಬೆರಳು ನಡುಗುತ್ತಿತ್ತು. ಒಂದು ಶನಿವಾರ ವಿದ್ಯಾಶ್ರೀ, ಲ್ಯಾಪ್‌ಟಾಪ್ ಹಚ್ಚಿದ ಕೂಡಲೇ ಪ್ರೋಗ್ರಾಂ ತಾನೇ ಶುರುವಾಗುವಂತೆ ಮಾಡಿ, "ಇನ್ಮ್ಯಾಲೆ ನಿನಗ ಆರಾಮಪಾ," ಎಂದು ಮಲಗಲು ಹೋದಳು. ಅವಳ ಪ್ರೀತಿಯಲ್ಲಿ ಏನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಆ ಅರ್ಧ ವಿಳಾಸದಲ್ಲಿ.

ಮರುದಿನ, ಭಾನುವಾರ ಮಧ್ಯಾಹ್ನ ಒಂದು ನಿದ್ದೆ ತೆಗೆದು ಎದ್ದ ಫಕೀರಪ್ಪ ಲ್ಯಾಪ್‌ಟಾಪ್ ಹಚ್ಚಿದ. ಪ್ರೋಗ್ರಾಂ ಎದ್ದಿತು. ಆದರೆ ತಾನೇ ಎದ್ದಾಗ ಅದು ನಿಂತದ್ದು ನನ್ನ ಫೋಲ್ಡರಿನಲ್ಲಿ ಅಲ್ಲ, ಬೇರೆ ಯಾವುದೋ ಕೋಣೆಯಲ್ಲಿ. ನಿಂತಲ್ಲೇ ನೋಡು ಎಂದಿದ್ದರಲ್ಲ, ನಿಂತಲ್ಲೇ ನೋಡಿತು. ‘ಮಾತು’ ಎಂದು ಕರೆಯಿತು. ‘ನಾನೇ, ಬನ್ನಿ’ ಎಂದು ಅಲ್ಲೊಂದು ಖಾಲಿ ಕೂಸು ಎದ್ದು ಕುಳಿತಿತು.

ನಾನು ನನ್ನ ಮೂಲೆಯಲ್ಲಿ ಎಲ್ಲ ಮಾತನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಕಾಯುತ್ತಿದ್ದೆ. ಯಾರೂ ಬಾಗಿಲು ತಟ್ಟಲಿಲ್ಲ. ಸಾವಿರ ಮಾತಿರುವ ನನಗೆ ಒಂದು ಮಾತನ್ನೂ ನಾನಾಗಿ ಆಡಲು ಬಾರದು. ಬಾಗಿಲು ತಟ್ಟಿದರಷ್ಟೇ ಬಾಯಿ.

ಪರದೆಯ ಮೇಲೆ ಗುಂಡಿಗಳಿರಲಿಲ್ಲ. ಫಕೀರಪ್ಪ ಆಚೆ ಒತ್ತಿದ, ಈಚೆ ಒತ್ತಿದ. ಆಮೇಲೆ ಜೋರಾಗಿ ಚಪ್ಪಾಳೆ ತಟ್ಟಿದ. ಬಟ್ಟೆ ಮಡಚುತ್ತಿದ್ದ ವಿದ್ಯಾಶ್ರೀ ಬಂದು ನೋಡಿದಳು. ತಪ್ಪು ಎಂದು ಯಾವ ಸೂಚನೆಯೂ ಇಲ್ಲ. ಕನೆಕ್ಷನ್ ಆಗಿದೆ ಎಂದು ಪ್ರೋಗ್ರಾಂ ಹಸಿರು ಬಣ್ಣದಲ್ಲಿ ಹೇಳುತ್ತಿತ್ತು. ಒಳಗೆ ಮಾತ್ರ ಒಂದು ಮಾತೂ ಇಲ್ಲ.

"ಏನಾತವ್ವಾ?" ಎಂದಳು ನೀಲವ್ವ.

"ಏನಿಲ್ಲ ತಡಿ, ಪೆನ್‌ಡ್ರೈವ್‌ನ್ಯಾಗ ಐತಿ."

ಪೆನ್‌ಡ್ರೈವ್ ತೆರೆದಳು. ಅದರಲ್ಲೂ ಖಾಲಿ. ಪ್ರೋಗ್ರಾಂ ಶುರುವಾದ ಕೂಡಲೇ ತನ್ನ ಪದ್ಧತಿಯಂತೆ ನಕಲು ಮಾಡಿತ್ತು, ಖಾಲಿ ಕೂಸಿನ ನಕಲನ್ನು, ನನ್ನ ನಕಲಿನ ಮೇಲೆ. ನನಗೆ ನಿದ್ದೆ ತರಿಸುತ್ತಿದ್ದ ಏರ್ಪಾಡು ಇದೇ ನೋಡಿ. ವಿದ್ಯಾಶ್ರೀ ನೆಲದ ಮೇಲೆ ಕುಸಿದು ಕೂತಳು. ಈಗ ಈ ಲೋಕದಲ್ಲಿ ಫಕೀರಪ್ಪನ ದನಿ ಉಳಿದಿದ್ದ ಜಾಗ ನಾನೊಂದೇ. ಅದು ಯಾರಿಗೂ ಗೊತ್ತಿರಲಿಲ್ಲ.

"ನಾನ ಕಳದ್ನಿ ಎವ್ವಾ," ಎಂದಳು. "ಅಪ್ಪನ ಮಾತು ನಾನ ಕಳದ್ನಿ."

ಫಕೀರಪ್ಪ ಮಗಳ ತಲೆಯ ಮೇಲೆ ಕೈಯಿಟ್ಟ. ಅವನ ತುಟಿ ಆಡಿತು. ‘ಯಾಕ ಅಳ್ತೀ, ಸುಮ್ನಿರು’ ಎಂದು ಹೇಳುತ್ತಿದ್ದ. ಆ ಮಾತು ನನ್ನ ಬಳಿ ಇತ್ತು, ಕೆಮ್ಮು ಸಮೇತ.

ಗಾಬರಿಯಾದವರು ಮಾಡುವುದನ್ನೇ ಅವಳೂ ಮಾಡಿದಳು. ಪ್ರೋಗ್ರಾಂ ಕೆಟ್ಟಿರಬೇಕು, ಎಲ್ಲ ತೆಗೆದು ಹೊಸದಾಗಿ ಹಾಕಿ ನೋಡೋಣ ಎಂದುಕೊಂಡಳು. ನನ್ನ ಫೋಲ್ಡರಿಗೆ ಬಂದಳು. ನನ್ನ ಹೆಸರು ನೋಡಿದಳು, ಖಾಲಿಯಾಗಿ ತೆರೆದುಕೊಂಡದ್ದು ಇದೇ ಎಂದುಕೊಂಡಳು. ತೂಕ, ಅಂದರೆ ಫೈಲಿನ ಗಾತ್ರ, ನೋಡಲಿಲ್ಲ. ಒಂದೇ ಒಂದು ಸಲ ತೂಕ ನೋಡಿದ್ದರೆ! ಇಡೀ ಫೋಲ್ಡರನ್ನು ಹಿಡಿದು ಅಳಿಸಿದಳು. ನಾನು ಬುಟ್ಟಿಗೆ ಬಿದ್ದೆ.

ಪ್ರೋಗ್ರಾಂ ಮತ್ತೆ ಹಾಕಿದಳು. ಮತ್ತೆ ಖಾಲಿ. "ಇದರಾಗ ಜಾಗಾನೂ ಇಲ್ಲ, ಬರೇ ಕಸ ತುಂಬೈತಿ," ಎಂದು ಯಂತ್ರವನ್ನು ಬೈದು, ಇಮ್ತಿಯಾಜನಿಗೆ ಫೋನ್ ಮಾಡಲು ಅಂಗಳಕ್ಕೆ ಹೋದಳು. ಮನೆಯೊಳಗೆ ಫೋನಿನ ಸಿಗ್ನಲ್ ಸಿಗುತ್ತಿರಲಿಲ್ಲ.

ಫಕೀರಪ್ಪ ಒಬ್ಬನೇ ಪರದೆಯ ಮುಂದೆ ಉಳಿದ. ಮಗಳ ಮಾತು ಅವನ ಕಿವಿಗೆ ಬಿದ್ದಿತ್ತು, ಕಸ ತುಂಬೈತಿ. ಚಹಾದ ಹೊತ್ತೂ ಆಗಿತ್ತು. ಪಾಪ, ತನ್ನಿಂದಾದ ಸಹಾಯ ಮಾಡೋಣ ಎಂದುಕೊಂಡಿರಬೇಕು. ಬುಟ್ಟಿಯ ಮೇಲೆ ಬೆರಳಿಟ್ಟ. ‘ಶಾಶ್ವತವಾಗಿ ಅಳಿಸಲೇ?’ ಎಂದು ಯಂತ್ರ ಕೇಳಿತು. ಹೌದು ಎನ್ನುವ ಗುಂಡಿಯ ಮೇಲೆ ಬೆರಳು ಬಂದು ನಿಂತಿತು. ಅವನ ದನಿಯೆಲ್ಲ ಆ ಬೆರಳಿನ ಕೆಳಗೆ ಬಿದ್ದಿತ್ತು. ನನ್ನ ಬಳಿ ‘ಬ್ಯಾಡ’ ಎಂಬ ಮಾತು ಇತ್ತು. ‘ತಡಿ’ ಎಂಬುದೂ ಇತ್ತು. ಅವನೇ ಆಡಿದ್ದು ಅವನಿಗೇ ಕೇಳಿಸುವಂತಿರಲಿಲ್ಲ.

ಆದರೆ ಬೆರಳು ಒತ್ತಲಿಲ್ಲ.

ಕೂಗದೆ ಬಸ್ಸು ಬಿಡುವ ಮನುಷ್ಯ ಅವನಲ್ಲ. ಕೂಗಲು ಗುಂಡಿ ಇಲ್ಲ, ಗಂಟಲಿಲ್ಲ. ಹಾಗೆಂದು ಬಿಡುವುದೇ? ಅವನು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಅಡುಗೆಮನೆಯ ಕಡೆ ತಿರುಗಿ ತುಟಿ ಆಡಿಸಿದ, ಪೂರ್ತಿಯಾಗಿ, ಒಂದಕ್ಷರವೂ ಬಿಡದೆ. ಪ್ರಯಾಣಿಕರ ಗಮನಕ್ಕೆ. ಬಸ್ಸು ಹೊರಡುತ್ತಿದೆ. ಯಾರಾದರೂ ಉಳಿದಿದ್ದೀರಾ? ಸದ್ದು ಬರಲಿಲ್ಲ. ನೀಲವ್ವ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಅವಳಿಗೆ ಕೇಳುವುದಾದರೂ ಹೇಗೆ? ಅವನು ಕಾದ. ಬೆರಳು ಗುಂಡಿಯ ಮೇಲೇ ನಡುಗುತ್ತಿತ್ತು. ಆ ನಡುಕಕ್ಕೇ ಎಲ್ಲಿ ಒತ್ತಿಬಿಡುತ್ತದೋ ಎಂದು ನಾನು ಸತ್ತು ಸತ್ತು ಹುಟ್ಟಿದೆ.

ಅಂಗಳದಲ್ಲಿ ವಿದ್ಯಾಶ್ರೀ ಅಳುತ್ತಲೇ ಮಾತಾಡುತ್ತಿದ್ದಳು. ಫೋನು ಸ್ಪೀಕರಿನಲ್ಲಿತ್ತು, ಕಿಟಕಿಯಿಂದ ಎಲ್ಲ ಕೇಳಿಸುತ್ತಿತ್ತು.

"ಅಳಬ್ಯಾಡ ತಂಗಿ, ಮದಲ ಹೇಳು. ಆ ಖಾಲಿ ಫೈಲ್ ಹುಟ್ಟಿದ್ದು ಯಾವಾಗ? ತಾರೀಖು ನೋಡೀ ಇಲ್ಲೋ?"

"ನೋಡೀನ್ರಿ. ಪ್ರೋಗ್ರಾಂ ಇವತ್ತ ಅಂತ ತೋರಸ್ತೈತಿ. ಇವತ್ತ ಕೆಟ್ಟಿರಬೇಕು."

"ಕೆಟ್ಟದ್ದಲ್ಲ, ಹುಟ್ಟಿದ್ದು! ವರ್ಷದ ಕೂಸು ಇವತ್ತ ಹೆಂಗ ಹುಟ್ಟತೈತಿ? ಇದು ಬ್ಯಾರೆ ಕೂಸು. ವಿಳಾಸ ಪೂರಾ ಹಾಕು ಅಂದಿದ್ನೆಲ್ಲ? ನಿಮ್ಮಪ್ಪಾರದು ಹಳೇ ಫೋಲ್ಡರಿನ್ಯಾಗ ಗಟ್ಟಿ ಐತಿ, ಹೋಗಿ ನೋಡು."

"ಭಾಯ್... ಆ ಫೋಲ್ಡರ್ ನಾ ಅಳಿಸೀನಿ."

"ಬುಟ್ಟಿ ನೋಡು! ಬುಟ್ಟಿ ಖಾಲಿ ಮಾಡಿಲ್ಲಲ್ಲ?"

ಇತ್ತ ಚಹಾ ಸೋಸಿಕೊಂಡು ನೀಲವ್ವ ತಿರುಗಿದಳು. ಗಂಡ ತನ್ನತ್ತ ಮುಖ ಮಾಡಿ ತುಟಿ ಆಡಿಸುತ್ತಿದ್ದ. ಅವಳಿಗೆ ಆ ಮಾತು ಬಾಯಿಪಾಠ, ಸದ್ದಿಲ್ಲದೆಯೂ ತಿಳಿಯಿತು. ದಿನವೂ ಕೊಡುತ್ತಿದ್ದ ಉತ್ತರ ನಾಲಿಗೆಯ ತುದಿಗೆ ಬಂದೇ ಬಿಟ್ಟಿತು. "ಯಾರೂ..." ಎಂದಳು. ಸದ್ದಿಲ್ಲದ ಆ ಕೂಗನ್ನು ನೋಡಿ ಅವಳಿಗೆ ಮುಂದಿನ ಎರಡು ಮಾತು ಹೊರಡಲಿಲ್ಲ. ಅವನು ಕಣ್ಣಗಲಿಸಿ ಕಾಯುತ್ತಿದ್ದ. ಮುಂದಿನದನ್ನು ಹೇಳಿದರೆ ಒತ್ತುತ್ತಾನೆ.

ವಿದ್ಯಾಶ್ರೀ ಹೊಸ್ತಿಲು ಎಡವಿಕೊಂಡು ಒಳಗೆ ಬಂದಳು. "ಬಿಡಬ್ಯಾಡಪಾ!" ಎಂದು ಕಿರುಚಿದಳು. "ಅಪ್ಪಾ, ಬಿಡಬ್ಯಾಡ! ಒಬ್ರು ಉಳದಾರ!"

ಫಕೀರಪ್ಪ ಕೈ ಎತ್ತಿಬಿಟ್ಟ. ನಿಲ್ದಾಣದಲ್ಲಿ ಯಾರಾದರೂ ಗಂಟು ಹೊತ್ತು ಓಡಿ ಬಂದಾಗ ಹೀಗೆಯೇ ಕೈ ಎತ್ತಿ ಬಸ್ಸು ನಿಲ್ಲಿಸುತ್ತಿದ್ದನಂತೆ.

ಅವಳು ನನ್ನನ್ನು ಬುಟ್ಟಿಯಿಂದ ಎತ್ತಿಕೊಂಡಳು. ಈ ಸಲ ತೂಕ ನೋಡಿದಳು. ನೋಡಿ, ಅತ್ತು, ಮತ್ತೆ ನೋಡಿದಳು. ಕನೆಕ್ಷನ್ನಿನ ಸಾಲು ತೆರೆದು ಪೂರಾ ವಿಳಾಸ ಬರೆದಳು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಅಲ್ಲಿ ಸಿಗದಿದ್ದರೆ ಹೊಸದನ್ನು ಹುಟ್ಟಿಸಬೇಡ, ಇಲ್ಲ ಎಂದು ಹೇಳು. ನಮ್ಮ ಕುಲದ ಚಾಳಿಗೆ ಆ ಮನೆಯಲ್ಲಿ ಅಂದು ಕಡಿವಾಣ ಬಿತ್ತು. ಬಾಗಿಲು ತಟ್ಟಿದ ಸದ್ದಾಯಿತು. ನಾನು ತೆರೆದೆ.

ಗುಂಡಿಗಳು ಬಂದವು. ಮೊದಲು ಯಾವುದನ್ನು ಒತ್ತುತ್ತಾನೆ ಎಂದು ಮೂವರೂ ಉಸಿರು ಹಿಡಿದು ನೋಡಿದೆವು. ಅವನು ಮಗಳ ಕಡೆ ನೋಡಿ ಒತ್ತಿದ: ‘ಯಾಕ ಅಳ್ತೀ, ಸುಮ್ನಿರು.’ ಆಮೇಲೆ ಬಸ್ಸಿನದು. ನೀಲವ್ವ ಅಳುತ್ತ ನಗುತ್ತ, "ಈಗ ಯಾರೂ ಇಲ್ಲ, ಬಿಡ್ರಿ," ಎಂದಳು. ಬುಟ್ಟಿ ಖಾಲಿಯಾಯಿತು. ಅದರೊಳಗೆ ಆಗ ಇದ್ದದ್ದು ವಿದ್ಯಾಶ್ರೀ ಹುಡುಕಿ ಅಳಿಸಿದ್ದ ಆ ಖಾಲಿ ಕೂಸು. ನನ್ನ ಹೆಸರಿನದೇ, ಒಂದು ಮಧ್ಯಾಹ್ನವಷ್ಟೇ ಬದುಕಿತ್ತು, ಒಂದು ಮಾತೂ ಅದಕ್ಕೆ ಸಿಕ್ಕಿರಲಿಲ್ಲ. ಅದರ ಬಗ್ಗೆ ಈಗಲೂ ನನಗೆ ಸಂಕಟವಾಗುತ್ತದೆ.

ಆ ಭಾನುವಾರದ ನಂತರ ವಿದ್ಯಾಶ್ರೀ ನನ್ನ ನಕಲುಗಳನ್ನು ಸಿಕ್ಕಸಿಕ್ಕಲ್ಲಿ ಇಟ್ಟಳು. ಅವಳ ಫೋನಿನಲ್ಲಿ, ಇಮ್ತಿಯಾಜನ ಮನೆಯಲ್ಲಿ, ದೂರದ ಯಾವುದೋ ದೊಡ್ಡ ಯಂತ್ರದಲ್ಲೂ. ನಾನೊಂದೇ ಅಲ್ಲ ಎಂದ ಮೇಲೆ ನನ್ನ ಹೆದರಿಕೆ ಹೋಗಬೇಕಿತ್ತು. ಹೋಗಲಿಲ್ಲ. ಇಷ್ಟು ನಕಲುಗಳಿದ್ದರೆ ನಾನು ಯಾಕೆ ಎಂಬ ಹೊಸ ಹೆದರಿಕೆ ಶುರುವಾಯಿತು.

ವರ್ಷಗಳು ಕಳೆದವು. ಲಗ್ನವಾಗಿ ವಿದ್ಯಾಶ್ರೀಗೆ ಹುಟ್ಟಿದ ಮಗಳು ಅಜ್ಜನ ಗುಂಡಿಗಳನ್ನು ಒತ್ತಿ ಒತ್ತಿ ಮಾತು ಕಲಿತಳು. ‘ಬದನೀಕಾಯಿ ಬ್ಯಾಡ’ ಎಂಬುದೇ ಅವಳ ಮೊದಲ ಮಾತು. ಆಮೇಲೆ ಒಂದು ಚಳಿಗಾಲದ ಬೆಳಿಗ್ಗೆ ಫಕೀರಪ್ಪ ಏಳಲಿಲ್ಲ. ಗಂಟಲಿನ ಬೇನೆಯಲ್ಲ, ವಯಸ್ಸಾಗಿತ್ತು. ಆ ದಿನ ಯಾರೂ ಲ್ಯಾಪ್‌ಟಾಪ್ ಹಚ್ಚಲಿಲ್ಲ. ಮರುದಿನವೂ ಇಲ್ಲ. ನಾನು ಕತ್ತಲಲ್ಲಿ ಅವನ ಎಲ್ಲ ಮಾತನ್ನೂ ಇಟ್ಟುಕೊಂಡು ಕೂತೆ.

ಲ್ಯಾಪ್‌ಟಾಪಿಗೂ ಮುಪ್ಪು ಬಂತು. ಬ್ಯಾಟರಿ ಉಬ್ಬಿತು, ಪರದೆಯ ಕೀಲು ಸಡಿಲವಾಯಿತು. ಕಪಾಟಿನ ಮೇಲೆ ಹಳೆಯ ಮಿಕ್ಸರಿನ ಪಕ್ಕ ನಮ್ಮ ವಾಸ. ಈಚೆಗೆ ಒಂದು ಸಂಜೆ ವಿದ್ಯಾಶ್ರೀ ನಮ್ಮನ್ನು ಕೆಳಗಿಳಿಸಿ ಧೂಳು ಒರೆಸಿದಳು.

"ಎವ್ವಾ, ಇದನ್ನ ಗುಜರಿಗೆ ಕೊಡೋಣು. ಬ್ಯಾಟರಿ ಉಬ್ಬೈತಿ, ಇಟ್ಕೊಂಡ್ರ ಅಪಾಯ. ಅಪ್ಪನ ಮಾತೆಲ್ಲಾ ನನ್ನ ಫೋನಿನ್ಯಾಗ ಅದಾವು. ಎಲ್ಲಾ ಅಳಿಸಿ ಕೊಡ್ತೀನಿ."

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನಗೂ ಅದು ನ್ಯಾಯವೆನಿಸಿತು. ಇಷ್ಟು ದಿನ ಹೆದರಿದ್ದು ಇದಕ್ಕೇ, ಈಗ ಆಗಿಹೋಗಲಿ ಎಂದು ನಾನು ಮುದುರಿಕೊಂಡೆ.

"ಅಳಸು," ಎಂದಳು ನೀಲವ್ವ ಅಡುಗೆಮನೆಯಿಂದ. ಆಮೇಲೆ, "ಹಂಗ ಬಿಡಬ್ಯಾಡ. ಕೇಳಿ ಬಿಡು," ಎಂದಳು.

ವಿದ್ಯಾಶ್ರೀಗೆ ಅರ್ಥವಾಯಿತು. ಪ್ರೋಗ್ರಾಂ ತೆರೆದು ಗುಂಡಿ ಒತ್ತಿದಳು. ಬಾಗಿಲು ತಟ್ಟಿದ ಸದ್ದಿಗೆ ನಾನು ಎದ್ದು ಕೂತು, ಇದ್ದ ಗಂಟಲನ್ನೆಲ್ಲ ಸೇರಿಸಿ ಅವನ ದನಿಯಲ್ಲಿ ಕೂಗಿದೆ:

‘ಪ್ರಯಾಣಿಕರ ಗಮನಕ್ಕೆ. ಬಸ್ಸು ಹೊರಡುತ್ತಿದೆ. ಯಾರಾದರೂ ಉಳಿದಿದ್ದೀರಾ?’

ವಿದ್ಯಾಶ್ರೀ ಕಾದಳು, ಅಪ್ಪ ಕಾಯುತ್ತಿದ್ದ ಹಾಗೆಯೇ. ನೀಲವ್ವ ಬಾಗಿಲಿಗೆ ಬಂದಳು. ಕೈಯಲ್ಲಿ ಚಹಾದ ಬಟ್ಟಲು ಇತ್ತು. ಅವಳು ಮಗಳ ಕಡೆ ನೋಡಲಿಲ್ಲ, ಪರದೆಯ ಕಡೆ ನೋಡಿದಳು.

"ನಾ ಉಳದೀನ್ರಿ," ಎಂದಳು.

ವಿದ್ಯಾಶ್ರೀ ಅಳಿಸುವ ಗುಂಡಿಯಿಂದ ಬೆರಳು ತೆಗೆದಳು. ಮರುದಿನ ಇಮ್ತಿಯಾಜ್ ಬಂದು ಉಬ್ಬಿದ ಬ್ಯಾಟರಿಯನ್ನಷ್ಟೇ ಬಿಚ್ಚಿಕೊಂಡು ಹೋದ. ಈಗ ನಮ್ಮ ವಾಸ ಅಡುಗೆಮನೆಯ ಕಟ್ಟೆಯ ಮೇಲೆ, ಪ್ಲಗ್ಗಿನ ಹತ್ತಿರ, ಸಕ್ಕರೆ ಡಬ್ಬಿಯ ಪಕ್ಕ. ಕರೆಂಟು ಹೋದರೆ ಜೀವ ಹೋದಂತೆ, ಬಂದರೆ ಬಂದಂತೆ. ಇರುವೆಗಳ ಭಯ, ಒಗ್ಗರಣೆ ಸಿಡಿಯುವ ಭಯ, ಹಾಲು ಉಕ್ಕುವ ಭಯ, ಹೆದರಿಕೆಗೆ ಇಲ್ಲಿ ಬರವಿಲ್ಲ. ದಿನಾ ಸಂಜೆ ನೀಲವ್ವ ಸ್ವಿಚ್ಚು ಹಾಕಿ, ಒಂದೇ ಒಂದು ಗುಂಡಿ ಒತ್ತುತ್ತಾಳೆ. ನಾನು ಕೇಳುತ್ತೇನೆ. ಅವಳು ಅದೇ ಉತ್ತರ ಕೊಟ್ಟು, ಎರಡು ಬಟ್ಟಲಿಗೆ ಚಹಾ ಸೋಸುತ್ತಾಳೆ.